ಯಾದ್ವಿಗಾಳ ಬದುಕನ್ನು ನಾನು ಬರೆದ ಬಗೆ

ಹದಿನಾಲ್ಕನೆಯ ಶತಮಾನದ ಪೋಲೆಂಡಿನ ರಾಣಿ ಯಾದ್ವಿಗಾ ಬಗ್ಗೆ ಬರೆಯಲು ಕೂತವರಿಗೆ ಮೊದಲು ಸಿಗುವುದು ಕೊಡಲಿಯ ಕಥೆ. ಚಿಕ್ಕಂದಿನಲ್ಲೇ ಗೊತ್ತುಮಾಡಿದ್ದ ವರ, ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ವಿಲ್ಹೆಲ್ಮ್, ಪೋಲೆಂಡಿನ ಆಗಿನ ರಾಜಧಾನಿ ಕ್ರಾಕೊವ್‌ಗೆ ಬಂದನಂತೆ. ಅವನನ್ನು ಸೇರಲು ಹುಡುಗಿ ಕೋಟೆಯ ಬಾಗಿಲನ್ನೇ ಕೊಡಲಿಯಿಂದ ಕಡಿಯಹೊರಟಳಂತೆ. ನಾನು ಅದನ್ನು ಬದಿಗಿಟ್ಟು ತೆರಿಗೆಯಿಂದ ಶುರುಮಾಡಿದೆ.

ಅವಳ ತಂದೆ ಲಾಯೋಶ್ ಹಂಗೇರಿ, ಪೋಲೆಂಡ್ ಎರಡಕ್ಕೂ ದೊರೆ. ಗಂಡುಮಕ್ಕಳಿಲ್ಲ. 1374ರಲ್ಲಿ ಕೊಶಿಟ್ಸೆಯಲ್ಲಿ ಅವನು ಪೋಲಿಷ್ ಸರದಾರರ ಭೂತೆರಿಗೆಯನ್ನು ವರ್ಷಕ್ಕೆ ಒಂದು ಹಿಡುವಳಿಗೆ 2 ಗ್ರೋಶಿ ನಾಣ್ಯಕ್ಕೆ ಇಳಿಸಿದ. ಬದಲಿಗೆ ಅವರು ಮಗಳೊಬ್ಬಳು ಪಟ್ಟಕ್ಕೆ ಬರಲು ಒಪ್ಪಿದರು. ಯಾದ್ವಿಗಾ ಆಗಿನ್ನೂ ಹಸುಗೂಸು, ಅವಳ ಮುಂದೆ ಇಬ್ಬರು ಅಕ್ಕಂದಿರು. ಒಬ್ಬಳು ತೀರಿಕೊಂಡಳು, ಇನ್ನೊಬ್ಬಳು ಹಂಗೇರಿಯ ಸಿಂಹಾಸನ ಏರಿದಳು. ಈ ಚೌಕಾಸಿಯನ್ನು ಮೊದಲೇ ಹೇಳಿಬಿಟ್ಟರೆ, ಹಂಗೇರಿಯ ರಾಜಕುಮಾರಿ ಕ್ರಾಕೊವ್‌ನ ವಾವೆಲ್ ಗುಡ್ಡದ ಕೋಟೆಗೆ ಯಾಕೆ ಬಂದಳೆಂದು ಮತ್ತೆ ವಿವರಿಸಬೇಕಿಲ್ಲ.

ಆಮೇಲೆ ಪ್ರತಿ ಘಟನೆಯ ಪಕ್ಕದಲ್ಲಿ ಅವಳ ವಯಸ್ಸು ಬರೆದುಕೊಂಡೆ. ಹೈನ್‌ಬುರ್ಗ್‌ನಲ್ಲಿ ವಿಲ್ಹೆಲ್ಮ್‌ ಜೊತೆ ವಿವಾಹದ ಶಾಸ್ತ್ರ, 1378: ನಾಲ್ಕು. 1384ರ ಅಕ್ಟೋಬರ್ 16ರಂದು ಪಟ್ಟಾಭಿಷೇಕ, ಅದೂ ರಾಜನೆಂಬ ಬಿರುದಿನಲ್ಲೇ: ಹತ್ತು. ಲಿಥುವೇನಿಯಾದ ದೊರೆ ಯೊಗೈಲಾ ಜೊತೆ ಮದುವೆ, 1386ರ ಫೆಬ್ರವರಿ 18: ಹನ್ನೆರಡು. ಇಷ್ಟು ಕಣ್ಣಮುಂದಿದ್ದರೆ ಅವಳು ತೀರ್ಮಾನಿಸಿದಳು, ಅವಳು ಒಪ್ಪಿದಳು ಅಂತ ಸಲೀಸಾಗಿ ಬರೆಯಲು ಕೈ ಬರುವುದಿಲ್ಲ. ಈ ಮದುವೆಗಾಗಿ 1385ರಲ್ಲಿ ಕ್ರೆವೊದಲ್ಲಿ ಆದ ಒಪ್ಪಂದದ ಪತ್ರದಲ್ಲಿ ಯೊಗೈಲಾ ತನ್ನ ಜನರೊಡನೆ ಕ್ರೈಸ್ತನಾಗುವ, ವಿಲ್ಹೆಲ್ಮ್ ಕಡೆಯವರಿಗೆ ಮುರಿದ ಸಂಬಂಧಕ್ಕೆ 2,00,000 ಫ್ಲೋರಿನ್ ಚಿನ್ನದ ನಾಣ್ಯ ಪರಿಹಾರ ಕೊಡುವ ಮಾತಿದೆ. ಇದು ದೊಡ್ಡವರ ವ್ಯವಹಾರ. ಹಾಗಾಗಿ ಆ ವರ್ಷಗಳ ವಾಕ್ಯಗಳಿಗೆ ಸರದಾರರನ್ನೇ ಕರ್ತೃವಾಗಿ ಇಟ್ಟೆ. 1387ರಲ್ಲಿ ಅವಳೇ ಈಗಿನ ಪಶ್ಚಿಮ ಉಕ್ರೇನಿನ ಕಡೆಯ ರುಥೇನಿಯಾಕ್ಕೆ ದಂಡಿನೊಡನೆ ಹೋಗಿ ಲ್ವಿವ್ ಸೀಮೆಯನ್ನು ಮತ್ತೆ ಪೋಲೆಂಡಿಗೆ ಸೇರಿಸಿದಲ್ಲಿಂದ ಕರ್ತೃಸ್ಥಾನ ಅವಳದು. ಅದೇ ವರ್ಷದ ಜನವರಿಯಲ್ಲಿ ಅವಳ ತಾಯಿಯನ್ನು ಸೆರೆಯಲ್ಲೇ ಕೊಂದಿದ್ದರು. 1397ರಲ್ಲಿ ಪೋಲೆಂಡಿನ ನೆರೆಯಲ್ಲಿ ಆಳುತ್ತಿದ್ದ ಜರ್ಮನ್ ಕ್ರೈಸ್ತ ಯೋಧರ ಸಂಘ, ಟ್ಯೂಟಾನಿಕ್ ಪಡೆಯ ಮುಖ್ಯಸ್ಥನ ಎದುರು ಇನೊವ್ರೊತ್ಸ್ವಾಫ್‌ನಲ್ಲಿ ಮಾತುಕತೆಗೆ ಕೂತವಳೂ ಅವಳೇ. ಫಲ ಸಿಗಲಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಆಳ್ವಿಕೆ ಅಂದರೆ ಇಂಥ ಪುಟಗಳೇ. ಮದುವೆಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಜಾಗ ಇವಕ್ಕೆ ಕೊಟ್ಟೆ.

ಕೊಡಲಿಯನ್ನು ಪೂರ್ತಿ ಬಿಡಲಿಲ್ಲ. ಅದನ್ನು ಬರೆದಿಟ್ಟ ಪೋಲಿಷ್ ಇತಿಹಾಸಕಾರ ಯಾನ್ ದ್ವುಗೋಶ್ ಹುಟ್ಟಿದ್ದು 1415ರಲ್ಲಿ, ರಾಣಿ ತೀರಿಕೊಂಡು 16 ವರ್ಷದ ಮೇಲೆ. ಈ ಸಂಗತಿಯನ್ನು ಕಥೆಗಿಂತ ಮೊದಲು ಹೇಳಿ, ಕಥೆಯನ್ನು ಆಮೇಲೆ ಧಾರಾಳವಾಗಿ ಹೇಳಿದೆ. ಓದುಗರಿಗೆ ಅದರ ರುಚಿಯನ್ನೂ ತಪ್ಪಿಸಬಾರದಲ್ಲ!

ಸಾವಿನ ಭಾಗ ಚಿಕ್ಕದು. 1399ರ ಜೂನ್ 22ರಂದು ಮಗಳು ಹುಟ್ಟಿತು, ಜುಲೈ 13ಕ್ಕೆ ಹೋಯಿತು, 17ಕ್ಕೆ ತಾಯಿಯೂ. ಕುಂಟುತ್ತಿದ್ದ ಕ್ರಾಕೊವ್ ವಿಶ್ವವಿದ್ಯಾಲಯ ಅವಳು ಬಿಟ್ಟುಹೋದ ಒಡವೆಗಳ ಹಣದಿಂದ 1400ರಲ್ಲಿ ಮತ್ತೆ ನಡೆಯತೊಡಗಿತು. ಅವಳ ಸಮಾಧಿ ತೆರೆದಾಗ ಸಿಕ್ಕ ರಾಜಚಿಹ್ನೆಗಳು ಮರ, ಚರ್ಮದವು, ಮೇಲೆ ಚಿನ್ನದ ಲೇಪ. ಎಲ್ಲವನ್ನೂ ದಾನಮಾಡಿದ್ದಕ್ಕೇ ಹೀಗಾಯಿತೆಂದು ಹೇಳುವವರುಂಟು. ಆದರೆ ಅವಳಿಗಿಂತ ಮೊದಲು ಆಳಿದ ಕಾಜಿಮಿಯೆಜ್ ದೊರೆಯ ಸಮಾಧಿಯಲ್ಲೂ ಇದ್ದದ್ದು ಚಿನ್ನದ ನೀರು ಕೊಟ್ಟ ತಾಮ್ರದ ಕಿರೀಟ. ಅದಕ್ಕೆ ಎರಡನ್ನೂ ಅಕ್ಕಪಕ್ಕ ಬರೆದೆ, ಕಾರಣ ಜೋಡಿಸಲಿಲ್ಲ.