ಉಸಿರು ಬಿಟ್ಟಾಗ ಕಾಣುವ ಇಕ್ಕಟ್ಟು

ಹಾಸನದಲ್ಲಿ ಶಸ್ತ್ರಚಿಕಿತ್ಸಕನಾಗಿರುವ ನನ್ನ ಬಳಿಗೆ ಹೊಟ್ಟೆನೋವೆಂದು ಬರುವವರಲ್ಲಿ ಬಹುಪಾಲು ಜನ ತಮ್ಮ ಕಾಯಿಲೆಗೆ ತಾವೇ ಹೆಸರಿಟ್ಟುಕೊಂಡು ಬರುತ್ತಾರೆ: ‘ಗ್ಯಾಸ್ಟ್ರಿಕ್’. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದ 34 ವರ್ಷದ ಹೆಣ್ಣುಮಗಳೊಬ್ಬರೂ ಹಾಗೆಯೇ ಬಂದಿದ್ದರು. ಎಂಡೋಸ್ಕೋಪಿಯಲ್ಲಿ ಹುಣ್ಣಿರಲಿಲ್ಲ, ಪಿತ್ತಕೋಶದಲ್ಲಿ ಕಲ್ಲಿರಲಿಲ್ಲ. ಆಮ್ಲ ತಗ್ಗಿಸುವ ಮಾತ್ರೆ ಬರೆದುಕೊಟ್ಟು ಕಳುಹಿಸಿದೆ. ಎರಡು ತಿಂಗಳ ನಂತರ ಅವರು ಮತ್ತೆ ಬಂದಾಗ, ಎಂಟು ತಿಂಗಳ ಹಿಂದೆ 52 ಕಿಲೋ ಇದ್ದ ತೂಕ 41ಕ್ಕೆ ಇಳಿದಿತ್ತು. ಮನೆಯವರು ಇದು ಮನಸ್ಸಿನ ಕಾಯಿಲೆಯೆಂದು ತೀರ್ಮಾನಿಸಿಯಾಗಿತ್ತು.

ಆ ದಿನ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆ. ಅರ್ಧ ಮುದ್ದೆ ಇಳಿದರೂ ಕಾಲು ಗಂಟೆಯೊಳಗೆ ಎದೆಗೂಡಿನ ಕೆಳಗೆ ಹಿಂಡುವಂಥ ನೋವು ಶುರುವಾಗಿ ಒಂದು ಗಂಟೆ ಕಾಡುತ್ತಿತ್ತು. ಮೊಣಕಾಲು ಎದೆಗವಚಿ ಮುದುಡಿ ಕುಳಿತರೆ ತುಸು ಹಗುರ. ತೋಟದ ಏರು ಹತ್ತುವಾಗಲೂ ಅದೇ ನೋವು ಬರುತ್ತಿತ್ತು. ಹಸಿವಿಲ್ಲವೇ ಎಂದರೆ, ‘ಹಸಿವಿದೆ ಸಾರ್, ಉಣ್ಣೋಕೆ ಭಯ’ ಎಂದರು. ಹಸಿವಿಲ್ಲದೆ ಸೊರಗುವುದಕ್ಕೂ ಉಣ್ಣಲು ಹೆದರಿ ಸೊರಗುವುದಕ್ಕೂ ಇರುವ ಅಂತರವನ್ನು ನಾವು ವೈದ್ಯರು ಅವಸರದಲ್ಲಿ ಮರೆಯುತ್ತೇವೆ. ಸ್ಟೆತೊಸ್ಕೋಪನ್ನು ಹೊಟ್ಟೆಯ ಮೇಲ್ಭಾಗಕ್ಕಿಟ್ಟು ಉಸಿರನ್ನು ಪೂರ್ತಿ ಬಿಡಲು ಹೇಳಿದಾಗ, ಇಕ್ಕಟ್ಟಿನಲ್ಲಿ ರಕ್ತ ನುಗ್ಗುವ ಸುಯ್ಯೆಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಮಹಾಪಧಮನಿ ಎದೆಯಿಂದ ಹೊಟ್ಟೆಗೆ ಇಳಿಯುವಲ್ಲಿ ವಪೆಯ ಎರಡು ಕಾಲುಗಳನ್ನು (ವಪೆಯೆಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಕೂಡಿಸುವ ಕಮಾನಿನಂಥ ನಾರಿನ ಪಟ್ಟಿಯೊಂದಿದೆ. ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಎನ್ನುತ್ತೇವೆ. ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತ ಒಯ್ಯುವ ಸೀಲಿಯಾಕ್ ಅಪಧಮನಿ ಅದರ ತುಸು ಕೆಳಗೆ ಹುಟ್ಟುತ್ತದೆ. ಕೆಲವರಲ್ಲಿ ಕಮಾನು ತಗ್ಗಿನಲ್ಲಿದ್ದು, ಉಸಿರು ಬಿಟ್ಟಾಗ ಮೇಲೆ ಸರಿಯುವ ಅಪಧಮನಿಯ ಬುಡವನ್ನು ಒತ್ತುತ್ತದೆ. ಉಸಿರೆಳೆದಾಗ ಅದು ಕೆಳಗಿಳಿದು ಸಡಿಲಗೊಳ್ಳುತ್ತದೆ. ಇದು ತಿಳಿದಿದ್ದೂ ನಾನು ಬರೆದುಕೊಟ್ಟ ಮೊದಲ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ವಾಡಿಕೆಯಂತೆ ಉಸಿರೆಳೆದು ಹಿಡಿದ ಸ್ಥಿತಿಯಲ್ಲೇ ನಡೆಯಿತು, ‘ಗಮನಾರ್ಹ ದೋಷವಿಲ್ಲ’ ಎಂಬ ವರದಿ ಬಂತು. ತಪ್ಪು ವಿಕಿರಣತಜ್ಞರದಲ್ಲ, ಚೀಟಿಯಲ್ಲಿ ನಾನು ಬರೆದದ್ದು ‘ಹೊಟ್ಟೆನೋವು’ ಎಂದಷ್ಟೇ.

ಮರುವಾರ ಅವರೂ ನಾನೂ ಒಟ್ಟಿಗೆ ಕುಳಿತು, ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಸ್ಕ್ಯಾನ್ ಮಾಡಿದೆವು. ಸೀಲಿಯಾಕ್ ಅಪಧಮನಿಯಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ದಾಟಿದರೆ ಅಲ್ಲಿ ತೀವ್ರ ಸಂಕೋಚನವಿದೆಯೆಂದು ಶಂಕಿಸಬೇಕು. ಇವರಲ್ಲಿ ಉಸಿರು ಬಿಟ್ಟಾಗ 390 ಇದ್ದ ವೇಗ ಆಳವಾಗಿ ಉಸಿರೆಳೆದಾಗ 170ಕ್ಕೆ ಇಳಿಯಿತು. ಗೋಡೆಗಟ್ಟಿದ ಕೊಬ್ಬಿನಿಂದಾದ ಇಕ್ಕಟ್ಟು ಉಸಿರಿನೊಂದಿಗೆ ಹೀಗೆ ಏರಿಳಿಯುವುದಿಲ್ಲ. ಉಸಿರು ಬಿಡಿಸಿ ತೆಗೆದ ಎರಡನೆಯ ಸಿಟಿಯ ಪಾರ್ಶ್ವನೋಟದಲ್ಲಿ ಅಪಧಮನಿ ಕೊಕ್ಕೆಯಂತೆ ಬಾಗಿ, ಇಕ್ಕಟ್ಟಿನಾಚೆ ಹಿಗ್ಗಿತ್ತು.

ಆದರೂ ಚಾಕು ಎತ್ತಿಕೊಳ್ಳಲಿಲ್ಲ. ಇಂಥ ಒತ್ತಡ ಯಾವ ತೊಂದರೆಯೂ ಇಲ್ಲದವರಲ್ಲಿ ಸಹ ಎಷ್ಟೋ ಬಾರಿ ಕಾಣುತ್ತದೆ. ಮೂತ್ರಪಿಂಡದ ಕಲ್ಲಿಗೆಂದು ಸಿಟಿ ಮಾಡಿಸಿದ ಚನ್ನರಾಯಪಟ್ಟಣದ ಯುವಕನೊಬ್ಬನಲ್ಲಿ ಇದೇ ಕೊಕ್ಕೆ ಕಂಡಾಗ ಧೈರ್ಯ ಹೇಳಿ ಕಳುಹಿಸಿದ್ದೇನೆ. ಸೀಲಿಯಾಕ್‌ನ ಕೆಳಗೇ ಹುಟ್ಟಿ ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿಯಿಂದ ಬದಲಿ ದಾರಿಯಲ್ಲಿ ರಕ್ತ ಹರಿಯುವುದರಿಂದ, ನೋವಿಗೆ ರಕ್ತದ ಕೊರತೆಯೊಂದೇ ಕಾರಣವೆನ್ನಲಾಗದು. ಅಪಧಮನಿಯನ್ನು ಸುತ್ತುವರಿದ ನರಗಂಟು ಒತ್ತಡದಿಂದ ಕೆರಳುವುದೂ ಕಾರಣವೆಂಬ ವಾದವನ್ನು ನಾನು ಒಪ್ಪುತ್ತೇನೆ. 1963ರಲ್ಲಿ ಫಿನ್‌ಲೆಂಡಿನ ಹಾರ್ಯೋಲ ವರದಿ ಮಾಡಿದ ರೋಗಿಯಲ್ಲಿ ಅಪಧಮನಿಯನ್ನು ಬಿಗಿದಿದ್ದದ್ದು ನಾರುಗಟ್ಟಿದ ನರಗಂಟೇ. 1965ರಲ್ಲಿ ಡನ್‌ಬಾರ್ ಮತ್ತು ಸಂಗಡಿಗರು ಲಿಗಮೆಂಟಿನ ಒತ್ತಡವನ್ನು ವಿವರಿಸಿದ ಮೇಲೆ ಕಾಯಿಲೆಗೆ ಅವರ ಹೆಸರೂ ಅಂಟಿಕೊಂಡಿತು. ಆದ್ದರಿಂದ ರೋಗಿಯನ್ನು ಬೆಂಗಳೂರಿಗೆ ಕಳುಹಿಸಿ, ಸಿಟಿಯ ನೆರವಿನಿಂದ ಆ ನರಜಾಲಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡಿಸಿದೆವು. ಅಂದು ಸಂಜೆ ಅವರು ತಟ್ಟೆ ತುಂಬ ಅನ್ನ ಸಾರು ಉಂಡು, ನೋವಿಲ್ಲವೆಂದು ಫೋನಿನಲ್ಲಿ ಅತ್ತರು. ಪರಿಣಾಮ ಕೆಲವೇ ಗಂಟೆಗಳದು, ಆದರೆ ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತು.

ಸ್ಟೆಂಟ್ ಹಾಕಿದರೆ ಸಾಲದೇ ಎಂದು ಮನೆಯವರು ಕೇಳಿದರು. ಹೊರಗಿನಿಂದ ಒತ್ತುವ ಕಮಾನು ಹಾಗೇ ಇದ್ದರೆ ಸ್ಟೆಂಟ್ ಜಜ್ಜಿಹೋಗುತ್ತದೆ ಅಥವಾ ಮುರಿಯುತ್ತದೆ. ಕಮಾನು ಬಿಡಿಸಿದ ಮೇಲೂ ಇಕ್ಕಟ್ಟು ಉಳಿದರೆ ಮಾತ್ರ ಅದರ ಮಾತು. ಬೆಂಗಳೂರಿನಿಂದ ಬಂದ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೊಟ್ಟೆ ತೆರೆಯುವ ಉಪಕರಣಗಳನ್ನೂ ರಕ್ತವನ್ನೂ ಸಿದ್ಧವಿಟ್ಟು, ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಪರದೆ ನೋಡುತ್ತಾ ಮಾಡುವ ಲ್ಯಾಪರೋಸ್ಕೋಪಿ ಆರಂಭಿಸಿದೆ. ಯಕೃತ್ತಿನ ಎಡಹಾಳೆಯನ್ನು ಎತ್ತಿ ಹಿಡಿದು, ಎಡ ಜಠರ ಅಪಧಮನಿಯ ಜಾಡು ಹಿಡಿದು ಬುಡಕ್ಕೆ ಇಳಿದು, ಬಿಳಿಯ ನಾರುಗಳನ್ನು ಎಳೆಎಳೆಯಾಗಿ ಎತ್ತಿ ಕತ್ತರಿಸಬೇಕು. ಅದರಡಿಯಲ್ಲೇ ಮಹಾಪಧಮನಿ ಮಿಡಿಯುತ್ತಿರುತ್ತದೆ. ವಪೆಗೆ ಹೋಗುವ ಸಣ್ಣ ಅಪಧಮನಿಯೊಂದು ಹರಿದು ಪರದೆಯಿಡೀ ಕೆಂಪಾಯಿತು. ಐದು ನಿಮಿಷ ಗಾಜ್ ಒತ್ತಿ ಹಿಡಿದು ನಿಂತೆವು, ಯಾರೂ ಮಾತಾಡಲಿಲ್ಲ. ರಕ್ತ ನಿಂತ ಮೇಲೆ ಕ್ಲಿಪ್ ಹಾಕಿ, ಉಳಿದ ನಾರನ್ನೂ ನರಗಂಟಿನ ಅಂಗಾಂಶವನ್ನೂ ತೆಗೆದು, ಅಪಧಮನಿ ಸುತ್ತಲೂ ಬರಿದಾಗುವವರೆಗೆ ಬಿಡಿಸಿದೆವು. ನಾಲ್ಕನೆಯ ದಿನ ಉಸಿರು ಬಿಟ್ಟಾಗಿನ ವೇಗ 180 ಇತ್ತು. ಆರು ತಿಂಗಳಲ್ಲಿ ತೂಕ 47 ಕಿಲೋ ಮುಟ್ಟಿತು.

ಈ ಗೆಲುವಿನ ಹುಮ್ಮಸ್ಸಿನಲ್ಲೇ ಮುಂದಿನ ವರ್ಷ ತಪ್ಪಿದೆ. ಚಿತ್ರದಲ್ಲಿ ಇದಕ್ಕಿಂತ ಸ್ಪಷ್ಟ ಕೊಕ್ಕೆಯಿದ್ದ, ಆದರೆ ಊಟಕ್ಕೂ ನೋವಿಗೂ ನಂಟಿಲ್ಲದ, ಚುಚ್ಚುಮದ್ದಿಗೂ ನೋವು ತಗ್ಗದ ಮಹಿಳೆಯೊಬ್ಬರಿಗೆ, ಅವರ ಒತ್ತಾಯಕ್ಕೆ ಮಣಿದು, ನಿಜ ಹೇಳಬೇಕೆಂದರೆ ಚಿತ್ರಕ್ಕೆ ಮರುಳಾಗಿ, ಶಸ್ತ್ರಚಿಕಿತ್ಸೆ ಮಾಡಿದೆ. ಡಾಪ್ಲರ್ ಸಹಜವಾಯಿತು, ನೋವು ಎರಡೇ ತಿಂಗಳಲ್ಲಿ ಮರಳಿತು. ಅವರು ಈಗಲೂ ಮೂರು ತಿಂಗಳಿಗೊಮ್ಮೆ ಅರಸೀಕೆರೆಯಿಂದ ಬರುತ್ತಾರೆ. ನರದ ನೋವಿನ ಮಾತ್ರೆಯನ್ನು ಸ್ವಲ್ಪ ಏರಿಸುತ್ತೇನೆ, ಸ್ವಲ್ಪ ಇಳಿಸುತ್ತೇನೆ. ಅವರು ಹಳೆಯ ಸಿಟಿ ಫಿಲ್ಮುಗಳ ಚೀಲವನ್ನು ಪ್ರತಿಸಲವೂ ಹೊತ್ತು ತರುತ್ತಾರೆ.