ಉತ್ತರದ ಸರೋವರಗಳಲ್ಲಿ ಸಣ್ಣ ದೋಣಿ, ಸಣ್ಣ ಮೋಟಾರು: ಗಾಳ ಹಾಕಲು ಹೊರಡುವವರಿಗೆ ಕೈಪಿಡಿ

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಬೆಂಗಳೂರಿನಿಂದ ಅಮೆರಿಕದ ಮಿನ್ನೆಸೋಟಕ್ಕೋ ಕೆನಡಾದ ಒಂಟಾರಿಯೊಗೋ ಹೋಗುವ ಹಿರಿಯರಲ್ಲಿಯೂ, ಉದ್ಯೋಗದ ಮೇಲೆ ಅಲ್ಲಿಯೇ ನೆಲೆಸಿರುವ ನಮ್ಮ ಹುಡುಗರಲ್ಲಿಯೂ ಗಾಳ ಹಾಕುವ ಆಸೆಯುಳ್ಳವರು ಇದ್ದಾರೆ. ಅಲ್ಲಿನ ಸರೋವರಗಳ ದಡದಲ್ಲಿರುವ ರೆಸಾರ್ಟುಗಳಲ್ಲಿ 14 ಅಥವಾ 16 ಅಡಿ ಉದ್ದದ ಅಲ್ಯೂಮಿನಿಯಂ ದೋಣಿ, ಅದರ ಹಿಂಬದಿಗೆ ಕೂರಿಸಿದ 9.9ರಿಂದ 20 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರು ಬಾಡಿಗೆಗೆ ಸಿಗುತ್ತವೆ. ಇಂತಹ ಮೋಟಾರಿನಿಂದ ನಮಗೆ ಎರಡು ಕೆಲಸಗಳು ಆಗಬೇಕು. ಗಾಳಿ ಏಳುವ ಮೊದಲು ಮೀನಿನ ಜಾಗಕ್ಕೆ ತಲುಪಿಸಬೇಕು. ತಲುಪಿದ ಮೇಲೆ, ಮನುಷ್ಯ ನಡೆಯುವುದಕ್ಕಿಂತಲೂ ನಿಧಾನವಾಗಿ, ಬಯಸಿದ ಆಳದ ಮೇಲೆಯೇ ದೋಣಿಯನ್ನು ಹಿಡಿದಿಡಬೇಕು. ಇವೆರಡನ್ನೂ ನಿರ್ಧರಿಸುವುದು ಅಶ್ವಶಕ್ತಿಯ ಸಂಖ್ಯೆಗಿಂತ ಹೆಚ್ಚಾಗಿ ತೂಕ ಕೂತ ಜಾಗ, ಮೋಟಾರು ನಿಂತ ಕೋನ ಮತ್ತು ಪ್ರೊಪೆಲ್ಲರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾಗದಪತ್ರಗಳ ವಿಷಯ. ಮಿನ್ನೆಸೋಟದಲ್ಲಿ 16 ವರ್ಷ ತುಂಬಿದವರಿಗೆಲ್ಲ ಮೀನು ಹಿಡಿಯುವ ಪರವಾನಗಿ ಬೇಕು, ಅದು ಆನ್‌ಲೈನಿನಲ್ಲಿಯೇ ಸಿಗುತ್ತದೆ. ಒಂಟಾರಿಯೊದ ನಿಯಮಗಳು ಬೇರೆ. ಅಲ್ಲಿ ದೋಣಿ ಬಾಡಿಗೆಗೆ ಪಡೆಯುವಾಗ ಸುರಕ್ಷತಾ ಪಟ್ಟಿಯೊಂದನ್ನು ಓದಿ ಸಹಿ ಮಾಡಬೇಕಾಗಬಹುದು. ದೋಣಿಯ ಒಳಬದಿಯಲ್ಲಿ ಎಷ್ಟು ಜನ, ಎಷ್ಟು ತೂಕ, ಗರಿಷ್ಠ ಎಷ್ಟು ಅಶ್ವಶಕ್ತಿ ಎಂದು ಬರೆದ ಫಲಕವಿರುತ್ತದೆ. ಅದನ್ನು ಓದದೆ ದೋಣಿ ಹತ್ತಬಾರದು. ಫಲಕದಲ್ಲಿ ಬರೆದಿರುವುದು ಶಾಂತ ನೀರಿನ ಲೆಕ್ಕ; ಗಾಳಿ ಇರುವ ದಿನ ಅದಕ್ಕಿಂತ ಒಬ್ಬರು ಕಡಿಮೆ ಇದ್ದರೇ ಒಳ್ಳೆಯದು.

ಮೋಟಾರನ್ನು ಚಾಲೂ ಮಾಡುವ ಕ್ರಮವನ್ನು ನಿಧಾನವಾಗಿ ಕಲಿಯಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆಂದು ಇರುವ ಸಣ್ಣ ತಿರುಪನ್ನು ಮೊದಲು ಸಡಿಲಿಸಿ. ಅದು ಬಿಗಿಯಾಗಿಯೇ ಉಳಿದರೆ ಮೋಟಾರು ಕೆಲವು ನಿಮಿಷ ಚೆನ್ನಾಗಿ ಓಡಿ, ಟ್ಯಾಂಕಿನೊಳಗೆ ಗಾಳಿ ಬರದೆ ಪೆಟ್ರೋಲ್ ಕಟ್ಟಿಕೊಂಡು, ನಡುನೀರಿನಲ್ಲಿ ನಿಂತುಬಿಡುತ್ತದೆ. ಆಮೇಲೆ ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಅದುಮಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಕಾರ್ಬ್ಯುರೇಟರ್ ಇರುವ ಮೋಟಾರು ತಣ್ಣಗಿದ್ದರೆ ಚೋಕ್ ಎಳೆಯಿರಿ. ಹಗ್ಗವನ್ನು ಒಮ್ಮೆಲೇ ಜಗ್ಗದೆ, ಬಿಗಿ ಸಿಗುವವರೆಗೆ ಮೆಲ್ಲನೆ ಎಳೆದು ಅನಂತರ ಜೋರಾಗಿ ಎಳೆಯಬೇಕು. ಚಾಲೂ ಆದ ಕೂಡಲೇ ಮೋಟಾರಿನ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ಎಂದು ನೋಡಿ. ಆ ನೀರೇ ಎಂಜಿನ್ನನ್ನು ತಂಪಾಗಿಡುವ ಪಂಪು ಕೆಲಸ ಮಾಡುತ್ತಿದೆ ಎಂಬುದರ ಸಾಕ್ಷಿ. ಎಳೆ ಸಣ್ಣದಾಗಿದ್ದರೆ ರಂಧ್ರದಲ್ಲಿ ಕಸವೋ ಜೊಂಡೋ ಸಿಕ್ಕಿರಬಹುದು. ನೀರು ಬರುವುದೇ ನಿಂತರೆ ಎಂಜಿನ್ನನ್ನೂ ತಕ್ಷಣ ನಿಲ್ಲಿಸಿ. ಇಷ್ಟಾದ ಮೇಲೆ, ಎಂಜಿನ್ ಆರಿಸುವ ಕೆಂಪು ಹಗ್ಗವನ್ನು ಮಣಿಕಟ್ಟಿಗೋ ಲೈಫ್ ಜಾಕೆಟ್ಟಿಗೋ ಸಿಕ್ಕಿಸಿಕೊಳ್ಳಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ ದೋಣಿಗಳಲ್ಲಿ ವೇಗವಾಗಿ ಹೋಗುವಾಗ ಇದನ್ನು ಬಳಸಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮ ಇಲ್ಲದ ಕಡೆಯಲ್ಲಿಯೂ ಬಳಸಿ, ಏಕೆಂದರೆ ನೀರಿಗೆ ಬಿದ್ದವನ ಸುತ್ತ ಖಾಲಿ ದೋಣಿ ಪ್ರೊಪೆಲ್ಲರ್ ತಿರುಗಿಸುತ್ತಲೇ ಸುತ್ತು ಹೊಡೆಯುವುದು ನಿಜವಾಗಿಯೂ ನಡೆಯುವ ಅಪಘಾತ.

ಇನ್ನು ತೂಕ. ಚುಕ್ಕಾಣಿ ಹಿಡಿದವನು, ಮೋಟಾರು, ಪೆಟ್ರೋಲ್ ಟ್ಯಾಂಕು, ಮೂರೂ ಹಿಂದೆಯೇ ಇದ್ದರೆ ದೋಣಿಯ ಮೂತಿ ಆಕಾಶ ನೋಡುತ್ತದೆ. ಎಷ್ಟು ಆ್ಯಕ್ಸಲರೇಟರ್ ಕೊಟ್ಟರೂ ದೋಣಿ ತನ್ನದೇ ಅಲೆಯನ್ನು ಏರಲಾರದೆ ಒದ್ದಾಡುತ್ತದೆ. ಸುಮಾರು 23 ಲೀಟರಿನ ಟ್ಯಾಂಕು ತುಂಬಿದಾಗ ಪೆಟ್ರೋಲೊಂದೇ 17 ಕಿಲೋ ತೂಗುತ್ತದೆ. ಕೊಳವೆ ಎಟಕುವಷ್ಟು ದೂರ ಅದನ್ನು ಮುಂದಕ್ಕೆ ಸರಿಸಿ, ಲಂಗರು ಮತ್ತು ಊಟದ ಡಬ್ಬಿಗಳನ್ನು ಮೂತಿಯ ಕಡೆಗೆ ಇಟ್ಟು, ಜೊತೆಗಾರರನ್ನು ನಡುವಿನ ಹಲಗೆಯಲ್ಲಿ ಕೂರಿಸಿದರೆ, ಅದೇ 9.9 ಅಶ್ವಶಕ್ತಿಯ ಮೋಟಾರು ದೋಣಿಯನ್ನು ನೀರಿನ ಮೇಲೆ ಎಬ್ಬಿಸಿ ಜಾರಿಸಬಲ್ಲದು. ಇಬ್ಬರಿಗೆ ಇದು ಸಾಕು. ಮೂವರು ದೊಡ್ಡವರು ಹೊರಟರೆ 15 ಅಥವಾ 20 ಅಶ್ವಶಕ್ತಿಯದನ್ನೇ ಕೇಳಿ ಪಡೆಯಬೇಕು. ಆದರೆ ಮಿನ್ನೆಸೋಟದ ಉತ್ತರದಂಚಿನ ಬೌಂಡರಿ ವಾಟರ್ಸ್ ವನ್ಯಪ್ರದೇಶದ ಹೆಚ್ಚಿನ ಸರೋವರಗಳಲ್ಲಿ ಮೋಟಾರಿಗೆ ಅನುಮತಿಯೇ ಇಲ್ಲ, ಅನುಮತಿ ಇರುವ ಕೆಲವು ಕಡೆ ಮಿತಿ 10 ಅಶ್ವಶಕ್ತಿ, ಇನ್ನು ಕೆಲವು ಕಡೆ 25 ಎಂಬುದನ್ನು ನೆನಪಿಡಬೇಕು.

ಮೋಟಾರಿನ ಕೋನವನ್ನು ಹಿಡಿದಿಡುವುದು ಅದರ ಬೆಂಬಲದ ಚೌಕಟ್ಟಿನ ತೂತುಗಳಲ್ಲೊಂದರಲ್ಲಿ ತೂರಿಸಿದ ಕಬ್ಬಿಣದ ಸರಳು. ಎಂಜಿನ್ ಆರಿಸಿಯೇ ಅದನ್ನು ಬದಲಿಸಬೇಕು. ಹೋಗುವ ವೇಗದಲ್ಲಿ ಮೂತಿ ಮೇಲೆದ್ದು ಕುಪ್ಪಳಿಸುತ್ತಿದ್ದರೆ ಸರಳನ್ನು ದೋಣಿಯ ಕಡೆಗೆ ಒಂದು ತೂತು ತನ್ನಿ. ಮೂತಿ ನೀರನ್ನು ಉಳುತ್ತ ಚುಕ್ಕಾಣಿ ಕೈಗೆ ಭಾರವಾದರೆ ಒಂದು ತೂತು ಹೊರಗೆ ಹಾಕಿ. ಎತ್ತರವನ್ನೂ ನೋಡಬೇಕು. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದು ಅಂಗುಲ ಕೆಳಗೆ ಇರಬೇಕು. ತೀರ ಕೆಳಗಿದ್ದರೆ ನೀರು ತಡೆಯುತ್ತದೆ. ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲ್ಲರು ಮೇಲಿನಿಂದ ಗಾಳಿ ಹೀರಿಕೊಂಡು, ಎಂಜಿನ್ ಕಿರುಚುತ್ತದೆಯೇ ಹೊರತು ದೋಣಿ ಮುಂದೆ ಹೋಗುವುದಿಲ್ಲ. ಹಿಂಬದಿ ಹಲಗೆ 15 ಅಂಗುಲವಿದ್ದರೆ ಗಿಡ್ಡ ಕಾಲಿನ ಮೋಟಾರು, 20 ಅಂಗುಲವಿದ್ದರೆ ಉದ್ದ ಕಾಲಿನದು. ಇವನ್ನು ಅದಲುಬದಲು ಮಾಡುವಂತಿಲ್ಲ.

ಸ್ವಂತಕ್ಕೆ ದೋಣಿ ಕೊಂಡವರು ಪ್ರೊಪೆಲ್ಲರಿನ ಬಗ್ಗೆ ಅವಶ್ಯವಾಗಿ ತಲೆ ಕೆಡಿಸಿಕೊಳ್ಳಬೇಕು. ಅದರ ಮೇಲೆ ಎರಡು ಸಂಖ್ಯೆಗಳಿರುತ್ತವೆ, ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಜಾರದೆ ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ಸಾಗುತ್ತದೆ ಎಂಬ ಅಳತೆ. ಹೆಚ್ಚು ಪಿಚ್ ಇರುವ ಪ್ರೊಪೆಲ್ಲರಿಗೆ ಭಾರ ಹೇರುವುದು, ಇಬ್ಬರನ್ನು ಕೂರಿಸಿಕೊಂಡ ಬೈಕಿನಲ್ಲಿ ಟಾಪ್ ಗೇರಿನಲ್ಲಿಯೇ ನಂದಿ ಬೆಟ್ಟ ಹತ್ತಿದಂತೆ. ಪರೀಕ್ಷೆ ಸುಲಭ: ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಟ್ಯಾಕೊಮೀಟರನ್ನು ಹಾಕಿ, ಎಂದಿನ ಹೊರೆಯೊಂದಿಗೆ ಪೂರ್ತಿ ಆ್ಯಕ್ಸಲರೇಟರ್ ಕೊಟ್ಟು, ನಿಮಿಷಕ್ಕೆ ಎಷ್ಟು ಸುತ್ತು ಎಂದು ನೋಡಿ. ಈ ಗಾತ್ರದ ಫೋರ್ ಸ್ಟ್ರೋಕ್ ಮೋಟಾರುಗಳಿಗೆ ತಯಾರಕರು ಸಾಮಾನ್ಯವಾಗಿ 5,000ರಿಂದ 6,000ದ ಆಸುಪಾಸಿನ ಮಿತಿಯನ್ನು ಹೇಳಿರುತ್ತಾರೆ. ಎಂಜಿನ್ ಅಲ್ಲಿಗೆ ತಲುಪದಿದ್ದರೆ ಪಿಚ್ ಇಳಿಸಬೇಕು. ಒಂದು ಅಂಗುಲ ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ. ಲೆಕ್ಕವನ್ನೂ ಹಾಕಬಹುದು. ಗೇರಿನ ಅನುಪಾತ 2.08 ಇದ್ದು (ಎಂಜಿನ್ 2.08 ಸುತ್ತು ತಿರುಗಿದರೆ ಪ್ರೊಪೆಲ್ಲರು ಒಂದು ಸುತ್ತು), ಎಂಜಿನ್ 5,500 ಸುತ್ತಿನಲ್ಲಿ 9 ಅಂಗುಲ ಪಿಚ್ಚಿನ ಪ್ರೊಪೆಲ್ಲರನ್ನು ತಿರುಗಿಸಿದರೆ, ಜಾರಿಕೆ ಇಲ್ಲದಿದ್ದಲ್ಲಿ ವೇಗ ಗಂಟೆಗೆ ಸುಮಾರು 36 ಕಿ.ಮೀ. ಆಗಬೇಕು. ಫೋನಿನ ಜಿಪಿಎಸ್ 29 ತೋರಿಸಿದರೆ ಜಾರಿಕೆ ಶೇ. 20, ಸಣ್ಣ ದೋಣಿಗೆ ಇದು ಸಹಜ. ಅದಕ್ಕಿಂತ ಬಹಳ ಹೆಚ್ಚಾದರೆ ಎಲೆಯ ಅಂಚು ಬಂಡೆಗೆ ತಾಗಿ ಬಾಗಿದೆಯೋ, ಮೋಟಾರು ಎತ್ತರದಲ್ಲಿದೆಯೋ ಎಂದು ಹುಡುಕಬೇಕು.

ಸಮುದ್ರಮಟ್ಟದಿಂದ ಇರುವ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಪ್ರತಿ 300 ಮೀಟರಿಗೆ ಎಂಜಿನ್ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನ ಸುತ್ತಮುತ್ತ 9.9ರ ಮೋಟಾರು 9ರಂತೆ ದುಡಿದರೆ, ಸುಮಾರು 380 ಮೀಟರಿನಲ್ಲಿರುವ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದಲ್ಲಿ ಆ ನಷ್ಟ ಅರ್ಧಕ್ಕಿಂತ ಕಡಿಮೆ. ಇಲ್ಲಿ ದೋಣಿ ನಡೆಸಿ ಅಭ್ಯಾಸವಿರುವವರಿಗೆ ಅಲ್ಲಿ ಅದೇ ಮೋಟಾರು ಚುರುಕಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಈಗ ಮೀನಿನ ವಿಷಯ, ಅಂದರೆ ನಿಧಾನದ ವಿಷಯ. ಈ ಸರೋವರಗಳಲ್ಲಿ ಎಲ್ಲರೂ ಅರಸುವುದು ವಾಲೈ ಎಂಬ ಮೀನನ್ನು. 1965ರಿಂದ ಅದು ಮಿನ್ನೆಸೋಟದ ರಾಜ್ಯಮೀನು. ಅದರ ಕಣ್ಣಿನ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಮಬ್ಬು ಬೆಳಕಿನಲ್ಲಿ ಅದು ಚೆನ್ನಾಗಿ ಕಾಣಬಲ್ಲದು. ಹೀಗಾಗಿ ನಸುಕು, ಮುಸ್ಸಂಜೆ, ಮೋಡದ ದಿನ, ಗಾಳಿಯಿಂದ ನೀರು ಕಲಕಿದ ಹೊತ್ತು ಇವೇ ಒಳ್ಳೆಯ ಸಮಯ. ಎರೆಹುಳು ಅಥವಾ ಜಿಗಣೆಯನ್ನು (ಮಲೆನಾಡಿನ ಉಂಬಳವಲ್ಲ, ನೀರಿನಲ್ಲಿಯೇ ಬದುಕುವ ಜಾತಿ) ಗಾಳಕ್ಕೆ ಚುಚ್ಚಿ ತಳದ ಮೇಲೆ ಎಳೆಯುವಾಗ ಗಂಟೆಗೆ ಒಂದರಿಂದ ಎರಡು ಕಿ.ಮೀ. ವೇಗ ಸಾಕು. ಆದರೆ ಗೇರಿಗೆ ಹಾಕಿದ ಮೋಟಾರು ಅತ್ಯಂತ ಕಡಿಮೆ ಸುತ್ತಿನಲ್ಲಿಯೂ ಹಗುರ ದೋಣಿಯನ್ನು ಅದಕ್ಕಿಂತ ವೇಗವಾಗಿ ನೂಕುತ್ತದೆ. ಇದಕ್ಕೆ ಅಲ್ಲಿನ ಬೆಸ್ತರ ಉಪಾಯ, ರಿವರ್ಸ್ ಗೇರಿನಲ್ಲಿ ದೋಣಿಯ ಚಪ್ಪಟೆ ಹಿಂಬದಿಯನ್ನೇ ಗಾಳಿಗೆ ಒಡ್ಡಿ ಹಿಮ್ಮುಖವಾಗಿ ಚಲಿಸುವುದು. ಅಗಲವಾದ ಹಲಗೆ ನೀರನ್ನು ತಡೆಯುವುದರಿಂದ ವೇಗ ತಾನಾಗಿ ಇಳಿಯುತ್ತದೆ, ಗಾಳಿ ಮೂತಿಯನ್ನು ಅತ್ತಿತ್ತ ಎಳೆದಾಡುವುದಿಲ್ಲ, ಚುಕ್ಕಾಣಿಯನ್ನು ಬೆರಳಿನಷ್ಟು ತಿರುಗಿಸಿದರೂ ದೋಣಿ ಕೇಳುತ್ತದೆ. ಆಳ ತೋರಿಸುವ ಯಂತ್ರದಲ್ಲಿ ಒಂದೇ ಸಂಖ್ಯೆ ನಿಲ್ಲುವಂತೆ ಬಂಡೆಯ ಅಂಚನ್ನು ಹಿಂಬಾಲಿಸಲು ಇದಕ್ಕಿಂತ ಉತ್ತಮ ವಿಧಾನವನ್ನು ನಾನು ಕಂಡಿಲ್ಲ. ಅಲೆ ಹಿಂಬದಿಯ ಹಲಗೆಯನ್ನು ದಾಟಿ ಒಳಗೆ ಬರುವಷ್ಟು ಎದ್ದರೆ ಮಾತ್ರ ಇದನ್ನು ಬಿಟ್ಟು, ಬಟ್ಟೆಯ ಎಳೆಚೀಲವೊಂದನ್ನು ನೀರಿಗಿಳಿಸಿ ಗಾಳಿಯೊಂದಿಗೆ ತೇಲಬೇಕು.

ಅಲೆಗಳನ್ನು ಹಗುರವಾಗಿ ಕಾಣಬಾರದು. ಮಿಲ್ ಲ್ಯಾಕ್ಸ್ ಸುಮಾರು 530 ಚದರ ಕಿ.ಮೀ. ಹರಡಿದ್ದರೂ ಅದರ ಗರಿಷ್ಠ ಆಳ 13 ಮೀಟರಿನಷ್ಟೇ; ಆಳವಿಲ್ಲದ ಅಗಲ ನೀರಿನಲ್ಲಿ ಗಾಳಿ ಬಹುಬೇಗ ಗಿಡ್ಡನೆಯ, ಕಡಿದಾದ ಅಲೆಗಳನ್ನು ಎಬ್ಬಿಸುತ್ತದೆ. ವೇಗದಲ್ಲಿದ್ದಾಗ ಆ್ಯಕ್ಸಲರೇಟರನ್ನು ಒಮ್ಮೆಲೇ ಬಿಟ್ಟರೆ ದೋಣಿಯದೇ ಅಲೆ ಹಿಂದಿನಿಂದ ಬಂದು ಒಳಗೆ ಸುರಿಯುತ್ತದೆ, ಮೆಲ್ಲನೆ ಇಳಿಸಿ. ಲಂಗರನ್ನು ಹಿಂಬದಿಗೆ ಎಂದಿಗೂ ಕಟ್ಟಬೇಡಿ, ಮೂತಿಗೇ ಕಟ್ಟಬೇಕು. ಮೇ ತಿಂಗಳ ನೀರು ನಮ್ಮ ಕೆರೆಗಳ ನೀರಿನಂತಲ್ಲ: ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಸೋಲುತ್ತವೆ. ಈಜು ಬಲ್ಲವರೂ ಲೈಫ್ ಜಾಕೆಟ್ಟನ್ನು ಸೀಟಿನ ಕೆಳಗಿಡದೆ ತೊಟ್ಟುಕೊಳ್ಳಬೇಕು.

ಇಂಧನದ ಬಗ್ಗೆ ಒಂದು ಎಚ್ಚರಿಕೆ. ಹೆಚ್ಚಿನ ಔಟ್‌ಬೋರ್ಡ್ ಮೋಟಾರುಗಳಿಗೆ ಎಥೆನಾಲ್ ಶೇ. 10ರವರೆಗೆ ಮಾತ್ರ ಸಮ್ಮತ. ನಮ್ಮ ಬಂಕುಗಳ ಇ20, ಅಂದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಆ ಮಿತಿಯನ್ನು ಮೀರುತ್ತದೆ. ಅಮೆರಿಕದ ಬಂಕುಗಳಲ್ಲಿ ಸಿಗುವ ಇ15 ಅನ್ನು ದೋಣಿಗೆ ಹಾಕುವುದು ಕಾನೂನಿಗೇ ವಿರುದ್ಧ. ಎಥೆನಾಲ್ ತೇವ ಹೀರಿ, ಕಾಲಕ್ರಮೇಣ ನೀರಿನೊಡನೆ ಟ್ಯಾಂಕಿನ ತಳಕ್ಕೆ ಇಳಿಯುವುದರಿಂದ, ಅಪರೂಪಕ್ಕೆ ಓಡುವ ಮೋಟಾರಿಗೆ ಅದು ಹೆಚ್ಚು ತೊಂದರೆ. ಮಿನ್ನೆಸೋಟದಲ್ಲಿ ದೋಣಿಗಳಿಗೆಂದೇ ಎಥೆನಾಲ್ ಬೆರೆಸದ ಪ್ರೀಮಿಯಂ ಪೆಟ್ರೋಲ್ ಸಿಗುತ್ತದೆ, ಅದನ್ನೇ ಹಾಕಿಸಿ.

ದೋಣಿಯನ್ನು ನೀರಿನಿಂದ ಎತ್ತಿದ ಮೇಲೆ ಮೋಟಾರನ್ನು ನೇರವಾಗಿ ಇಳಿಬಿಟ್ಟು ಒಳಗಿನ ನೀರನ್ನು ಪೂರ್ತಿ ಹರಿಯಲು ಬಿಡಿ. ಚಳಿಗಾಲಕ್ಕೆ ಮೊದಲು ಕೆಳಗಿನ ಗೇರ್ ಎಣ್ಣೆಯನ್ನು ಇಳಿಸಿ ನೋಡಿದಾಗ ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ಸೀಲು ಸೋರಿ ನೀರು ಸೇರಿದೆ ಎಂದರ್ಥ. ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಗೇರಿನ ಕವಚ ಬಿರಿಯುತ್ತದೆ. ದೋಣಿಯ ತಳದ ಬಿರಡೆಯನ್ನು ತೆಗೆದು, ಅಂಟಿದ ಜೊಂಡನ್ನೆಲ್ಲ ಕಿತ್ತು, ಮೀನಿನ ತೊಟ್ಟಿಯನ್ನು ಖಾಲಿ ಮಾಡಿಯೇ ರಸ್ತೆಗೆ ಬರಬೇಕೆಂಬುದು ಮಿನ್ನೆಸೋಟದ ಕಾನೂನು. 2005ರಲ್ಲಿ ಮಿಲ್ ಲ್ಯಾಕ್ಸ್‌ನಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ದೋಣಿಯಲ್ಲಿ ಉಳಿದ ಒಂದಿಷ್ಟು ನೀರಿನಲ್ಲಿಯೇ ಅವು ಮುಂದಿನ ಸರೋವರವನ್ನು ಸೇರಿಬಿಡಬಲ್ಲವು. ಆದ್ದರಿಂದ ಬಿರಡೆಯನ್ನು ಮನೆ ತಲುಪಿದ ಮೇಲಲ್ಲ, ದಡದಲ್ಲಿಯೇ ತೆಗೆಯಿರಿ.