30 ನಿಮಿಷದ ಟೈಮರ್ ಕೊನೆಗೂ ದುಡ್ಡು ತಂತು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯ ಇಆರ್‌ನಲ್ಲಿ (ತುರ್ತು ವಿಭಾಗದಲ್ಲಿ) ರಾತ್ರಿ ಪಾಳಿ ಕೇಸ್ ಮ್ಯಾನೇಜರ್ ನಾನು, ಅಂದರೆ ಇನ್ಶೂರೆನ್ಸ್‌ನವರ ಒಪ್ಪಿಗೆ ಪಡೆಯುವ ಕೆಲಸ. ಇಲ್ಲೇ ಇದೇ ಕೆಲಸ ಮಾಡುವ ಕನ್ನಡದವರಿಗೆ ಅಂತ ಬರೆಯುತ್ತಿದ್ದೇನೆ. ರೋಗಿ ಸ್ಟೇಬಲ್ ಆದ ಮೇಲೆ (ತುರ್ತು ಅಪಾಯ ದಾಟಿದ ಮೇಲೆ) ಮುಂದಿನ ಚಿಕಿತ್ಸೆಗೆ ಒಪ್ಪಿಗೆ ಕೇಳಿದರೆ ಅವರ ಹೆಲ್ತ್ ಇನ್ಶೂರೆನ್ಸ್ ಪ್ಲಾನ್‌ನವರು ಅರ್ಧ ಗಂಟೆಯಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಒಪ್ಪಿದ ಹಾಗೆ. ಇದು ನಿಮಗೆ ಗೊತ್ತೇ ಇದೆ. ಆದರೆ ಆ ರೂಲ್‌ನಿಂದ ಎಷ್ಟು ಜನ ದುಡ್ಡು ವಸೂಲಿ ಮಾಡಿದ್ದೀರಿ?

ಮೊದಲ ಎರಡು ವರ್ಷ ನಾನೂ ಫೇಸ್ ಶೀಟ್ (ರೋಗಿಯ ಹೆಸರು, ಇನ್ಶೂರೆನ್ಸ್ ವಿವರದ ಹಾಳೆ) ಮಾತ್ರ ಫ್ಯಾಕ್ಸ್ ಮಾಡಿ ಸುಮ್ನೆ ಕೂರುತ್ತಿದ್ದೆ, ಉಳಿದದ್ದು ಬೆಳಗಿನವರ ಪಾಲು. ನಮಗೂ ರೋಗಿಯ ಪ್ಲಾನ್‌ಗೂ ಕಾಂಟ್ರಾಕ್ಟ್ ಇಲ್ಲದ ಒಂದು ಕೇಸು, ನಾಲ್ಕು ದಿನದ ಅಡ್ಮಿಶನ್, 40 ಸಾವಿರ ಡಾಲರ್ ಆಸುಪಾಸು. ಅಥರೈಸೇಶನ್ (ಪ್ಲಾನ್‌ನ ಒಪ್ಪಿಗೆ) ಇಲ್ಲ ಅಂತ ಕ್ಲೈಮ್ ವಾಪಸ್ ಬಂತು. ಅಪೀಲ್ ಹಾಕಿದರೆ, ಸ್ಟೇಬಲ್ ಆಗಿದ್ದು ಎಷ್ಟು ಗಂಟೆಗೆ, ನೀವು ಕೇಳಿದ್ದು ಎಷ್ಟು ಗಂಟೆಗೆ ಅಂದರು. ಚಾರ್ಟ್‌ನಲ್ಲಿ ಎರಡೂ ಇಲ್ಲ. ನಾವು ಕೇಳದೇ ಇದ್ದಿದ್ದಕ್ಕೆ ರೋಗಿಗೆ ಬಿಲ್ ಹಾಕುವ ಹಾಗೂ ಇಲ್ಲ. ಪೂರ್ತಿ ಮುಳುಗಿತು.

ಆಮೇಲೆ ಶುರುವಾಗಿದ್ದು ಟೈಮರ್. ಅಡುಗೆಮನೆಯದ್ದು, ಕೋಳಿಮೊಟ್ಟೆ ಆಕಾರದ್ದು. ಡಾಕ್ಟರ್ ಕೈಲಿ ಒಂದೇ ಸಾಲು ಬರೆಸುತ್ತೇನೆ, ಟೈಮ್ ಸಮೇತ: ಈಗ ಸ್ಟೇಬಲ್, ಆದರೆ ಇಂಥ ಕಾರಣಕ್ಕೆ ಇನ್ನೂ ಒಳಗಿರಬೇಕು. (ಆ ಕಾರಣವನ್ನು ಯಾವ ಮಾತಲ್ಲಿ ಬರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.) ತಕ್ಷಣ ಫೋನ್, ಎತ್ತಿದವರ ಹೆಸರು, ರೆಫರೆನ್ಸ್ ನಂಬರ್, ಟೈಮರ್ ಒತ್ತು. "ಮೊಟ್ಟೆ ಬೇಯಿಸ್ತಾ ಇನ್ಶೂರೆನ್ಸ್‌ನವರ ಹತ್ತಿರ ವಸೂಲಿ ಮಾಡ್ತೀಯಾ?" ಅಂತ ನಮ್ಮ ಮ್ಯಾನೇಜರ್ ನಕ್ಕಳು.

ಮೊದಮೊದಲು ಎಡವಟ್ಟೂ ಆಯ್ತು. ಒಂದು ದೊಡ್ಡ ಕಂಪನಿಯ ಸೆಲ್ಫ್-ಫಂಡೆಡ್ ಪ್ಲಾನ್‌ಗೆ (ನೌಕರರ ಚಿಕಿತ್ಸೆಗೆ ಕಂಪನಿಯೇ ದುಡ್ಡು ಹಾಕುವಂಥದ್ದು) 30 ನಿಮಿಷ ಆಯ್ತು ಅಂತ ಜೋರು ಮಾಡಿದೆ. ನಮ್ಮ ರಾಜ್ಯದ ರೂಲ್ ಅಂಥ ಪ್ಲಾನ್‌ಗೆ ಅನ್ವಯಿಸೋದೇ ಇಲ್ಲ ಅಂತ ಅವರೇ ಪಾಠ ಹೇಳಿದರು! ಕಾರ್ಡ್ ಮೇಲೆ ದೊಡ್ಡ ಇನ್ಶೂರೆನ್ಸ್ ಹೆಸರು ಇದ್ದ ಮಾತ್ರಕ್ಕೆ ನಂಬಬೇಡಿ, ದುಡ್ಡು ಯಾರದ್ದು ಅಂತ ಮೊದಲು ನೋಡಿ. ಮೆಡಿಕೇರ್ ಅಡ್ವಾಂಟೇಜ್‌ಗೆ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆಯನ್ನು ಖಾಸಗಿ ಕಂಪನಿ ನಡೆಸುವ ಪ್ಲಾನ್) ಫೆಡರಲ್ ರೂಲ್, ಒಂದು ಗಂಟೆ. ಅದಕ್ಕೆ ಅಂತ ಕೆಂಪು ಟೈಮರ್ ತಂದೆ. ಒಂದು ರಾತ್ರಿ ಎರಡೂ ಒಟ್ಟಿಗೆ ಕಿರುಚಿ ಪಕ್ಕದ ಬೆಡ್‌ನ ಅಜ್ಜಿ ಎದ್ದು ಕೂತರು, ಆಮೇಲೆ ಫೋನ್‌ನಲ್ಲಿ ವೈಬ್ರೇಶನ್‌ಗೆ ಇಟ್ಟು ನೋಡಿದೆ, ಜೇಬಲ್ಲಿ ಗೊತ್ತೇ ಆಗಲ್ಲ, ಮತ್ತೆ ಮೊಟ್ಟೆಗೇ ಬಂದೆ.

ಗೆದ್ದ ಕೇಸ್ ಇದು. 2:10ಕ್ಕೆ ಡಾಕ್ಟರ್ ಸಾಲು, 2:14ಕ್ಕೆ ನನ್ನ ಫೋನ್. 2:44ಕ್ಕೆ ಮೊಟ್ಟೆ ಕೂಗಿತು, ಉತ್ತರ ಇಲ್ಲ. ಉತ್ತರ ಬಂದಿಲ್ಲ ಅಂತಲೂ ಚಾರ್ಟ್‌ನಲ್ಲಿ ಬರೆದೆ, ಇದನ್ನೇ ಎಲ್ಲರೂ ಬಿಡೋದು. 3:20ಕ್ಕೆ ಅವರ ನರ್ಸ್ ಫೋನ್ ಮಾಡಿ, ರೋಗಿಯನ್ನು ತಮ್ಮ ಪ್ಲಾನ್‌ನ ಆಸ್ಪತ್ರೆಗೆ ಕಳಿಸಿ ಅಂದಳು. ತಡ ಆಯ್ತಲ್ವಾ, ಅಂದೆ. ಎರಡು ತಿಂಗಳಾದ ಮೇಲೆ ಅಥರೈಸೇಶನ್ ಇಲ್ಲ ಅಂತ ಅದೇ ಹಳೇ ಡಿನೈಯಲ್ ಬಂತು. ಈ ಸಲ ಅಪೀಲ್‌ನಲ್ಲಿ ವಾದವೇ ಇಲ್ಲ, ಟೈಮ್‌ಗಳಿರುವ ಒಂದೇ ಹಾಳೆ. ನೆನಪಿದ್ದ ಹಾಗೆ 28 ಸಾವಿರ ಚಿಲ್ಲರೆ ಬಂತು.

ಹೋದ ತಿಂಗಳು ಡ್ರಾಯರ್ ತೆಗೆದರೆ ಹೊಸ ಮೊಟ್ಟೆ ಮೂರು ಇದ್ದವು. ಮ್ಯಾನೇಜರ್ ತರಿಸಿದ್ದು, ಬೆಳಗಿನ ಪಾಳಿಗೆ.